ಎಲೆ ರಸಕ್ಕೆ ಬೆಳ್ಳಿ ಬೆರೆಸಿದರೆ ಮನೆಯಲ್ಲೇ ಔಷಧ ಆಗುತ್ತದೆಯೇ? 'ನ್ಯಾನೊ ಬೆಳ್ಳಿ' ಫಾರ್ವರ್ಡ್‌ಗಳ ಹಿಂದಿನ ನಿಜ

"ತುಳಸಿ ಎಲೆಯ ರಸಕ್ಕೆ ಬೆಳ್ಳಿ ದ್ರಾವಣ ಹಾಕಿ. ಬಣ್ಣ ಕಂದು ಆದರೆ ನ್ಯಾನೊ ಔಷಧ ಸಿದ್ಧ. ದಿನಾ ಕುಡಿಯಿರಿ, ಸಕ್ಕರೆ ಕಾಯಿಲೆಯ ಗಾಯವೂ ಮಾಯುತ್ತದೆ, ಕ್ಯಾನ್ಸರೂ ಹತ್ತಿರ ಸುಳಿಯುವುದಿಲ್ಲ. ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ!"

ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಒಮ್ಮೆ ತುಳಸಿ, ಇನ್ನೊಮ್ಮೆ ಬೇವು, ಮತ್ತೊಮ್ಮೆ ಅಮೃತಬಳ್ಳಿ. ಎಲೆ ಬದಲಾಗುತ್ತದೆ, ಭರವಸೆ ಮಾತ್ರ ಅದೇ. ಇಂಥ ಸಂದೇಶವನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವುದೂ ಕಷ್ಟ, ಏಕೆಂದರೆ ಅದರ ಅರ್ಧ ಭಾಗ ನಿಜ. ಅಪಾಯ ಇರುವುದು ಉಳಿದ ಅರ್ಧದಲ್ಲಿ.

ಚುಟುಕಾಗಿ ಉತ್ತರ

ಗಿಡದ ರಸದಿಂದ ಬೆಳ್ಳಿಯ ನ್ಯಾನೊ ಕಣ ತಯಾರಿಸಬಹುದು ಎಂಬುದು ನಿಜ. ಆ ಕಣಗಳು ಲ್ಯಾಬ್‌ನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುತ್ತವೆ ಎಂಬುದೂ ನಿಜ. ಆದರೆ ಅದನ್ನು ಮನೆಯಲ್ಲಿ ಮಾಡಿ ಕುಡಿದರೆ ಅಥವಾ ಗಾಯಕ್ಕೆ ಹಚ್ಚಿದರೆ ಕಾಯಿಲೆ ವಾಸಿಯಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಬದಲಿಗೆ, ಬೆಳ್ಳಿ ದ್ರಾವಣವನ್ನು ಬಹಳ ಕಾಲ ಕುಡಿದರೆ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗುತ್ತದೆ ಎಂಬುದಕ್ಕೆ ಪುರಾವೆ ಇದೆ. ಆ ಬಣ್ಣ ಮತ್ತೆ ಹೋಗುವುದಿಲ್ಲ.

ಈಗ ಒಂದೊಂದಾಗಿ ನೋಡೋಣ.

ಬೆಳ್ಳಿಯ ಈ ಆಟ ನಿಮ್ಮ ಬೆರಳಿನ ಮೇಲೆ ಆಗಲೇ ನಡೆದಿದೆ

2024ರ ಏಪ್ರಿಲ್ 26ರಂದು ಮೈಸೂರು ಭಾಗದಲ್ಲಿ ಲೋಕಸಭಾ ಚುನಾವಣೆಯ ಮತದಾನ ನಡೆಯಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮತಗಟ್ಟೆಗಳಲ್ಲಿ ಸರದಿಯಲ್ಲಿ ನಿಂತವರ ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿದರು. ಆ ಶಾಯಿ ತಯಾರಾಗುವುದು ಮೈಸೂರಿನಲ್ಲೇ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಈ ಕಾರ್ಖಾನೆ 1962ರ ಸಾರ್ವತ್ರಿಕ ಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಕೊಡುತ್ತಿದೆ.

ಶಾಯಿಯ ಪೂರ್ತಿ ಸೂತ್ರ ಗುಟ್ಟು. ಆದರೆ ಅದರ ಮುಖ್ಯ ವಸ್ತು ಸಿಲ್ವರ್ ನೈಟ್ರೇಟ್, ಅಂದರೆ ನೀರಿನಲ್ಲಿ ಕರಗುವ ಬೆಳ್ಳಿಯ ಲವಣ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅದು ಚರ್ಮದ ಮೇಲಿನ ಉಪ್ಪಿನಂಶದ ಜೊತೆ ಸೇರುತ್ತದೆ, ಬೆಳಕು ಬಿದ್ದಾಗ ಕಪ್ಪಾಗುತ್ತದೆ. ಆ ಕಪ್ಪು ಬಣ್ಣ ಬರುವುದು ಬೆಳ್ಳಿಯ ಅತಿ ಸಣ್ಣ ಕಣಗಳಿಂದ. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಚರ್ಮದ ಮೇಲ್ಪದರ ಉದುರಿ, ಉಗುರು ಬೆಳೆದಾಗ ಮಾತ್ರ ಹೋಗುತ್ತದೆ.

ಈ ಶಾಯಿ ನೆನಪಿರಲಿ. ಎಲೆ ರಸದ ಪ್ರಯೋಗಕ್ಕೂ, ಚರ್ಮ ನೀಲಿಯಾಗುವ ಕಾಯಿಲೆಗೂ ಇದೇ ಸಿಲ್ವರ್ ನೈಟ್ರೇಟ್‌ನಂಥ ಬೆಳ್ಳಿಯ ರಾಸಾಯನಿಕವೇ ಮೂಲ.

ನ್ಯಾನೊ ಅಂದರೆ ಎಷ್ಟು ಸಣ್ಣದು?

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೊಮೀಟರ್. ಒಂದು ಬ್ಯಾಕ್ಟೀರಿಯಾ ಸುಮಾರು ಸಾವಿರ ನ್ಯಾನೊಮೀಟರ್. 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳನ್ನು ನ್ಯಾನೊ ಕಣ ಎನ್ನುತ್ತಾರೆ.

ಸಣ್ಣದಾದರೆ ಏನು ಲಾಭ? ಒಂದು ಲೆಕ್ಕ ನೋಡಿ. ಉದ್ದ, ಅಗಲ, ಎತ್ತರ ಎಲ್ಲವೂ ಒಂದು ಸೆಂಟಿಮೀಟರ್ ಇರುವ ಬೆಳ್ಳಿಯ ತುಂಡು ತೆಗೆದುಕೊಳ್ಳಿ. ತೂಕ ಸುಮಾರು ಹತ್ತೂವರೆ ಗ್ರಾಂ, ಒಂದು ತೊಲಕ್ಕಿಂತ ತುಸು ಕಡಿಮೆ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ ಆರು ಚದರ ಸೆಂಟಿಮೀಟರ್. ಅದೇ ತುಂಡನ್ನು 10 ನ್ಯಾನೊಮೀಟರ್‌ನ ಚೂರುಗಳಾಗಿ ಕತ್ತರಿಸಿದರೆ ಎಲ್ಲ ಚೂರುಗಳ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ, ಸುಮಾರು ಆರು ಗುಂಟೆ ಜಮೀನು!

ಬೆಳ್ಳಿ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುವುದು ಮುಖ್ಯವಾಗಿ ಈ ಮೇಲ್ಮೈಯಿಂದ ಬಿಡುಗಡೆಯಾಗುವ ಬೆಳ್ಳಿಯ ಅಯಾನುಗಳಿಂದ. ಮೇಲ್ಮೈ ಹೆಚ್ಚಿದಷ್ಟೂ ಅಯಾನು ಹೆಚ್ಚು ಬಿಡುಗಡೆಯಾಗುತ್ತದೆ. ಅವು ಬ್ಯಾಕ್ಟೀರಿಯಾದ ಹೊರಪೊರೆಗೆ, ಒಳಗಿನ ಪ್ರೋಟೀನುಗಳಿಗೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತವೆ. ನ್ಯಾನೊ ಬೆಳ್ಳಿಯ ಬಗ್ಗೆ ವಿಜ್ಞಾನಿಗಳಿಗೆ ಇಷ್ಟು ಕುತೂಹಲ ಇರುವುದು ಇದರಿಂದಲೇ.

ಲ್ಯಾಬ್‌ನಲ್ಲಿ ನಿಜವಾಗಿ ಏನು ಮಾಡುತ್ತಾರೆ?

ಎಲೆ ತೊಳೆದು, ಹೆಚ್ಚಿ, ಶುದ್ಧ ನೀರಿನಲ್ಲಿ ಕುದಿಸಿ ಸೋಸುತ್ತಾರೆ. ಹತ್ತಿರ ಹತ್ತಿರ ನಾವು ಮಾಡುವ ಕಷಾಯವೇ. ಒಂಬತ್ತು ಪಾಲು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಒಂದು ಪಾಲು ಈ ಕಷಾಯ ಬೆರೆಸುವುದು ಸಾಮಾನ್ಯ ಅಳತೆ. ಸ್ವಲ್ಪ ಹೊತ್ತಿನಲ್ಲಿ ದ್ರಾವಣ ತಿಳಿ ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುತ್ತದೆ.

ಎಲೆಯಲ್ಲಿರುವ ಪಾಲಿಫಿನಾಲ್, ಸಕ್ಕರೆ, ಪ್ರೋಟೀನ್‌ನಂಥ ವಸ್ತುಗಳು ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನ್ ಕೊಡುತ್ತವೆ. ಆಗ ಅದು ಬೆಳ್ಳಿ ಲೋಹವಾಗುತ್ತದೆ. ಹಾಗೆ ಹುಟ್ಟಿದ ಕಣಗಳಿಗೆ ಅದೇ ಎಲೆಯ ವಸ್ತುಗಳು ಹೊದಿಕೆಯಂತೆ ಅಂಟಿಕೊಂಡು, ಅವು ಒಂದಕ್ಕೊಂದು ಸೇರಿ ಗಂಟಾಗದಂತೆ ತಡೆಯುತ್ತವೆ. ಈ ಗಾತ್ರದ ಕಣಗಳು ಬೆಳಕನ್ನು ಹೀರುವ ರೀತಿಯಿಂದಾಗಿ ನಮಗೆ ಕಂದು ಬಣ್ಣ ಕಾಣುತ್ತದೆ.

ಭಾರತದಲ್ಲಿ ಈ ದಾರಿ ತೆರೆದವರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಅವರ ತಂಡ ಪ್ರಮುಖ. ಬೇವಿನ ಎಲೆಯ ಕಷಾಯದಿಂದ ಬೆಳ್ಳಿ ಮತ್ತು ಚಿನ್ನದ ನ್ಯಾನೊ ಕಣ ಮಾಡಿದ್ದನ್ನು ಅವರು 2004ರಲ್ಲಿ ಪ್ರಕಟಿಸಿದರು. ಆಮೇಲೆ ದೇಶದ ನೂರಾರು ಕಾಲೇಜು, ವಿಶ್ವವಿದ್ಯಾನಿಲಯಗಳಲ್ಲಿ ಇದೇ ಕೆಲಸ ನಡೆಯಿತು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರೂ ಗಿಡಗಳಿಂದ ಮತ್ತು ಗಿಡದೊಳಗೇ ಬದುಕುವ ಸೂಕ್ಷ್ಮಜೀವಿಗಳಿಂದ ನ್ಯಾನೊ ಕಣ ಪಡೆಯುವ ಬಗ್ಗೆ ಅಧ್ಯಯನ ಮಾಡಿದ್ದಾರೆ.

ಇದನ್ನು 'ಹಸಿರು ವಿಧಾನ' ಎನ್ನುತ್ತಾರೆ. ಈ ಮಾತೇ ಅನೇಕರ ದಾರಿ ತಪ್ಪಿಸಿದೆ. ಹಳೆಯ ವಿಧಾನದಲ್ಲಿ ಸೋಡಿಯಂ ಬೋರೋಹೈಡ್ರೈಡ್‌ನಂಥ ಕಟು ರಾಸಾಯನಿಕ ಬಳಸುತ್ತಿದ್ದರು. ಅದರ ಬದಲು ಎಲೆ ಬಳಸಿದರೆ ಪರಿಸರಕ್ಕೆ ಹಾನಿ ಕಡಿಮೆ. ಅಂದರೆ ತಯಾರಿಸುವ ದಾರಿ ಹಸಿರು, ಅಷ್ಟೇ. ಕೊನೆಗೆ ಸಿಗುವ ವಸ್ತು ತುಳಸಿ ನೀರಿನಷ್ಟು ನಿರಪಾಯ ಎಂದು ಅದರ ಅರ್ಥ ಅಲ್ಲ.

ಕಾಂಗ್ರೆಸ್ ಗಿಡದಿಂದಲೂ ಆಗುತ್ತದೆ!

"ಬಣ್ಣ ಬದಲಾಯಿತು, ಅಂದರೆ ಈ ಎಲೆಯಲ್ಲಿ ಶಕ್ತಿ ಇದೆ" ಎಂದು ಫಾರ್ವರ್ಡ್ ಹೇಳುತ್ತದೆ. ಹಾಗಾದರೆ ಇದನ್ನೂ ಕೇಳಿ. ರಸ್ತೆ ಬದಿಯ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಎಲೆಯಿಂದಲೂ ಬೆಳ್ಳಿ ನ್ಯಾನೊ ಕಣ ಮಾಡಿದ್ದಾರೆ. ನಾಗರಹೊಳೆ ಕಾಡಿನಲ್ಲಿ ಹಬ್ಬಿ ತಲೆನೋವಾಗಿರುವ ಲಂಟಾನದಿಂದಲೂ ಮಾಡಿದ್ದಾರೆ. ಬಾಳೆಹಣ್ಣಿನ ಸಿಪ್ಪೆಯಿಂದ, ಟೀ ಸೊಪ್ಪಿನಿಂದ, ಶುಂಠಿಯಿಂದಲೂ ಮಾಡಿದ್ದಾರೆ.

ಎಲೆಕ್ಟ್ರಾನ್ ಕೊಡಬಲ್ಲ ವಸ್ತುಗಳು ಹೆಚ್ಚುಕಡಿಮೆ ಎಲ್ಲ ಗಿಡಗಳಲ್ಲೂ ಇವೆ. ಹಾಗಾಗಿ ಕಂದು ಬಣ್ಣ ಬಂದರೆ ಬೆಳ್ಳಿ ಲೋಹವಾಯಿತು ಎಂದಷ್ಟೇ ಗೊತ್ತಾಗುತ್ತದೆ. ಆ ಗಿಡ ಔಷಧವೋ ವಿಷವೋ ಎಂದು ಆ ಬಣ್ಣ ಹೇಳುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳಿಗೆ ಇಲ್ಲೊಂದು ಪ್ರತ್ಯೇಕ ಎಚ್ಚರಿಕೆ ಬೇಕು. ಇದು ಹೊಗೆಸೊಪ್ಪಿನ ಸೀಮೆ. ಹೊಗೆಸೊಪ್ಪಿನ ಎಲೆಯ ರಸದಿಂದ ಬೆಳ್ಳಿ ನ್ಯಾನೊ ಕಣ ತಯಾರಿಸಿ, ಅದು ಬ್ಯಾಕ್ಟೀರಿಯಾ ತಡೆಯುತ್ತದೆಯೇ ಎಂದು ಪರೀಕ್ಷಿಸಿದ ಭಾರತೀಯ ಸಂಶೋಧಕರ ಪ್ರಬಂಧವೂ 2011ರಲ್ಲಿ ಬಂದಿದೆ. ಅದನ್ನು ಓದಿ ಯಾರಾದರೂ "ನಮ್ಮ ಹೊಲದ ಸೊಪ್ಪೇ ಔಷಧ" ಎಂದುಕೊಂಡರೆ ಕಷ್ಟ. ಎಲೆಯನ್ನು ನೀರಿನಲ್ಲಿ ಕುದಿಸಿದಾಗ ಪಾಲಿಫಿನಾಲ್ ಜೊತೆ ನಿಕೋಟಿನ್ ಕೂಡ ನೀರಿಗೆ ಇಳಿಯುತ್ತದೆ. ಬೆಳಗಿನ ಇಬ್ಬನಿಯಲ್ಲಿ ಒದ್ದೆ ಸೊಪ್ಪು ಮುರಿಯುವವರಿಗೆ ತಲೆಸುತ್ತು, ವಾಂತಿ, ಸುಸ್ತು ಬರುವುದು ಇದೇ ನಿಕೋಟಿನ್ ಚರ್ಮದ ಮೂಲಕ ಒಳಗೆ ಹೋಗುವುದರಿಂದ. ಬರೀ ಎಲೆ ತಾಗಿದರೇ ಹೀಗಾಗುವಾಗ, ಅದರ ಕಷಾಯ ಕುಡಿಯುವುದು ಅಥವಾ ತೆರೆದ ಗಾಯಕ್ಕೆ ಹಾಕುವುದು ಎಂಥ ಅಪಾಯ ಎಂದು ಬೇರೆ ಹೇಳಬೇಕಿಲ್ಲ.

ರೈತರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಏಳಬಹುದು. ತಂಬಾಕು ಬಿಡಿ ಎಂದು ಎಲ್ಲರೂ ಹೇಳುತ್ತಾರೆ, ಈ ಎಲೆಯನ್ನು ನ್ಯಾನೊ ಔಷಧಕ್ಕೆ ಮಾರಬಹುದೇ? ಲೆಕ್ಕ ಹಾಕಿ. ಮೇಲೆ ಹೇಳಿದ ಅಳತೆಯಲ್ಲಿ ಒಂದು ಲೀಟರ್ ನ್ಯಾನೊ ದ್ರಾವಣಕ್ಕೆ ಬೇಕಾಗುವುದು ಹತ್ತಿಪ್ಪತ್ತು ಗ್ರಾಂ ಎಲೆ ಮಾತ್ರ. ಒಂದು ಮೂಟೆ ಸೊಪ್ಪಿದ್ದರೆ ಲ್ಯಾಬ್‌ಗೆ ವರ್ಷಗಟ್ಟಲೆ ಸಾಕು. "ನ್ಯಾನೊ ಔಷಧಕ್ಕೆ ಎಲೆ ಬೇಕು, ಮುಂಗಡ ಕಟ್ಟಿ ಬೆಳೆಯಿರಿ" ಎಂದು ಯಾರಾದರೂ ಬಂದರೆ ಈ ಲೆಕ್ಕವನ್ನು ಅವರ ಮುಂದೆ ಇಡಿ.

ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತರೆ ಕಾಯಿಲೆ ವಾಸಿಯಾದಂತೆಯೇ?

ಲ್ಯಾಬ್‌ನಲ್ಲಿ ಚಪ್ಪಟೆ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬೆಳೆಸಿ, ನಡುವೆ ನ್ಯಾನೊ ಬೆಳ್ಳಿಯ ಒಂದು ಹನಿ ಇಡುತ್ತಾರೆ. ಮಾರನೆಯ ದಿನ ಆ ಹನಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ ಕಾಣುತ್ತದೆ. ಪ್ರಬಂಧದಲ್ಲಿ ಆ ವೃತ್ತದ ಅಳತೆ ಬರೆಯುತ್ತಾರೆ. ಇದು ಒಳ್ಳೆಯ ವಿಜ್ಞಾನವೇ. ಆದರೆ ಕಕ್ಕಸು ತೊಳೆಯುವ ಬ್ಲೀಚಿಂಗ್ ನೀರು ಇಟ್ಟರೂ ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಹಾಗಂತ ಅದನ್ನು ಯಾರೂ ಕುಡಿಯುವುದಿಲ್ಲ.

ತಟ್ಟೆಯಿಂದ ಮನುಷ್ಯನವರೆಗೆ ದಾರಿ ಉದ್ದ:

1. ಎಲೆಯಿಲ್ಲದೆ ಬರೀ ಸಿಲ್ವರ್ ನೈಟ್ರೇಟ್ ಕೂಡ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಹಾಗಾಗಿ ಕೊಂದಿದ್ದು ಎಲೆಯೋ, ನ್ಯಾನೊ ಕಣವೋ, ದ್ರಾವಣದಲ್ಲಿ ಉಳಿದುಹೋದ ಸಿಲ್ವರ್ ನೈಟ್ರೇಟೋ ಎಂದು ಬೇರ್ಪಡಿಸಿ ನೋಡಬೇಕು.

2. ಮಳೆಗಾಲದ ತುಳಸಿಗೂ ಬೇಸಿಗೆಯ ತುಳಸಿಗೂ ಒಳಗಿನ ವಸ್ತುಗಳಲ್ಲಿ ವ್ಯತ್ಯಾಸ ಇರುತ್ತದೆ. ಪ್ರತಿ ಸಲ ಕಣದ ಗಾತ್ರ, ಆಕಾರ ಬೇರೆಯಾಗಬಹುದು. ಔಷಧ ಎನಿಸಿಕೊಳ್ಳಬೇಕಾದರೆ ಪ್ರತಿ ಬಾಟಲಿಯೂ ಒಂದೇ ಥರ ಇರಬೇಕು.

3. ಬ್ಯಾಕ್ಟೀರಿಯಾ ಕೊಲ್ಲುವ ಪ್ರಮಾಣವೇ ನಮ್ಮ ಜೀವಕೋಶಗಳನ್ನೂ ಕೊಂದರೆ ಉಪಯೋಗವಿಲ್ಲ. "ಕ್ಯಾನ್ಸರ್ ಕೊಲ್ಲುತ್ತದೆ" ಎನ್ನುವ ಬಹುತೇಕ ಸುದ್ದಿಗಳ ಹಿಂದೆ ಇರುವುದು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲಿನ ಪರೀಕ್ಷೆ. ಅಲ್ಲಿ ರೋಗಿ ಇರುವುದಿಲ್ಲ.

4. ನಂತರ ಪ್ರಾಣಿಗಳ ಮೇಲೆ ಪರೀಕ್ಷೆ, ಆಮೇಲೆ ಮನುಷ್ಯರ ಮೇಲೆ ಹಂತಹಂತವಾಗಿ ಪರೀಕ್ಷೆ, ಕೊನೆಗೆ ಸರ್ಕಾರದ ಅನುಮತಿ. ನ್ಯಾನೊ ಔಷಧಗಳನ್ನು ಹೇಗೆ ಪರೀಕ್ಷಿಸಬೇಕು ಎಂದು ಭಾರತ ಸರ್ಕಾರ 2019ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿದೆ. ಕಣ ಸಣ್ಣದಾದಾಗ ದೇಹದಲ್ಲಿ ಅದು ಓಡಾಡುವ ದಾರಿ ಬೇರೆಯಾಗಬಹುದು ಎಂಬುದೇ ಅದಕ್ಕೆ ಕಾರಣ.

ಸುದ್ದಿ ಕೈ ಬದಲಾಯಿಸುವಾಗ ಏನಾಗುತ್ತದೆ ನೋಡಿ. ಪ್ರಬಂಧ ಹೇಳುತ್ತದೆ: "ಈ ಕಣಗಳು ಎರಡು ಬಗೆಯ ಬ್ಯಾಕ್ಟೀರಿಯಾ ಬೆಳವಣಿಗೆಯನ್ನು ತಡೆದವು." ಸುದ್ದಿ ಹೇಳುತ್ತದೆ: "ಎಲೆಯಿಂದ ಹೊಸ ಔಷಧದ ಭರವಸೆ." ಯೂಟ್ಯೂಬ್ ವಿಡಿಯೊ ಹೇಳುತ್ತದೆ: "ಈ ಎಲೆ ಇದ್ದರೆ ಆಂಟಿಬಯಾಟಿಕ್ ಬೇಡ." ಫಾರ್ವರ್ಡ್ ಹೇಳುತ್ತದೆ: "ಇವತ್ತೇ ಮಾಡಿ ಕುಡಿಯಿರಿ." ನಾಲ್ಕು ಕೈ ದಾಟುವಷ್ಟರಲ್ಲಿ ತಟ್ಟೆ ಮಾಯವಾಗಿ ಮನುಷ್ಯ ಬಂದಿರುತ್ತಾನೆ. ನಡುವೆ ಯಾರೂ ಬೇಕೆಂದೇ ಸುಳ್ಳು ಹೇಳಿರುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಮಾತು ಬಿಟ್ಟಿರುತ್ತಾರೆ, ಅಷ್ಟೇ.

ಕುಡಿದರೆ ಏನಾಗುತ್ತದೆ?

ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆಯನ್ನೇ ತೆಗೆದುಕೊಳ್ಳೋಣ. ಒಂದು ಲೀಟರ್ ನೀರಿಗೆ 0.17 ಗ್ರಾಂ ಸಿಲ್ವರ್ ನೈಟ್ರೇಟ್. ನೋಡಲು ಚಿಟಿಕೆಯಷ್ಟು. ಎಲೆ ರಸ ಬೆರೆಸಿದ ಮೇಲೆ ಒಂದು ಲೀಟರ್‌ನಲ್ಲಿ ಇರುವ ಬೆಳ್ಳಿ ಸುಮಾರು 97 ಮಿಲಿಗ್ರಾಂ. ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ ಹಾಕಿರುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಅಂದರೆ ಸುಮಾರು ಸಾವಿರ ಪಟ್ಟು ಹೆಚ್ಚು!

ಜೀವಮಾನದಲ್ಲಿ ಒಟ್ಟು 10 ಗ್ರಾಂ ಬೆಳ್ಳಿಯವರೆಗೆ ಹಾನಿ ಕಾಣಿಸದು ಎಂಬುದು ಕುಡಿಯುವ ನೀರಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮೇಲಿನ ದ್ರಾವಣವನ್ನು ದಿನಕ್ಕೆ ಅರ್ಧ ಲೋಟ, ಅಂದರೆ 100 ಮಿ.ಲೀ. ಕುಡಿದರೆ ಇಡೀ ಜೀವಮಾನದ ಆ ಲೆಕ್ಕ ಮೂರು ವರ್ಷದೊಳಗೆ ಮುಗಿದುಹೋಗುತ್ತದೆ.

ದೇಹಕ್ಕೆ ಬೆಳ್ಳಿಯಿಂದ ಯಾವ ಕೆಲಸವೂ ಇಲ್ಲ. ಕಬ್ಬಿಣ, ಸತುವಿನಂತೆ ಅದು ಬೇಕಾದ ಪೋಷಕಾಂಶ ಅಲ್ಲ. ಹೆಚ್ಚಾದ ಬೆಳ್ಳಿ ಚರ್ಮ, ಯಕೃತ್ತು, ಮೂತ್ರಪಿಂಡಗಳಲ್ಲಿ ಸೇರಿಕೊಳ್ಳುತ್ತದೆ. ಚರ್ಮದ ಕೆಳಗೆ ಸೇರಿದ ಬೆಳ್ಳಿ ಬಿಸಿಲು ಬಿದ್ದಾಗ ಕಪ್ಪಾಗುತ್ತದೆ. ಮತದಾನದ ಶಾಯಿ ಕಪ್ಪಾಗುವುದೂ ಹೆಚ್ಚುಕಡಿಮೆ ಹೀಗೆಯೇ. ಶಾಯಿ ಇರುವುದು ಚರ್ಮದ ಮೇಲೆ, ಹಾಗಾಗಿ ಕೆಲವು ವಾರಗಳಲ್ಲಿ ಉದುರಿ ಹೋಗುತ್ತದೆ. ಇದು ಇರುವುದು ಚರ್ಮದ ಒಳಗೆ, ಹಾಗಾಗಿ ಹೋಗುವುದಿಲ್ಲ. ಈ ಸ್ಥಿತಿಗೆ ಆರ್ಜೀರಿಯಾ ಎಂದು ಹೆಸರು. ಲೇಸರ್ ಚಿಕಿತ್ಸೆಯಿಂದ ಕೆಲವರಲ್ಲಿ ಬಣ್ಣ ತಗ್ಗಿದ್ದುಂಟು, ಆದರೆ ಪೂರ್ತಿ ವಾಸಿ ಮಾಡುವ ಔಷಧ ಇಲ್ಲ.

ಅಮೆರಿಕದ ಪಾಲ್ ಕ್ಯಾರಸನ್ ಎಂಬವರು ಮನೆಯಲ್ಲೇ ತಯಾರಿಸಿದ ಬೆಳ್ಳಿ ದ್ರಾವಣವನ್ನು ವರ್ಷಗಟ್ಟಲೆ ಕುಡಿದರು, ಚರ್ಮದ ತೊಂದರೆಗೆ ಮುಖಕ್ಕೂ ಹಚ್ಚಿದರು. 2008ರಲ್ಲಿ ಟಿವಿಯಲ್ಲಿ ಕಾಣಿಸಿಕೊಂಡಾಗ ಅವರ ಮುಖ ಪೂರ್ತಿ ನೀಲಿಯಾಗಿತ್ತು. 2013ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಬಣ್ಣ ಹೋಗಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1999ರಲ್ಲೇ, ಅಂಗಡಿಯಲ್ಲಿ ಸಿಗುವ ಬೆಳ್ಳಿ ದ್ರಾವಣದ ಔಷಧಗಳು ಸುರಕ್ಷಿತ ಎಂದಾಗಲಿ ಪರಿಣಾಮಕಾರಿ ಎಂದಾಗಲಿ ಒಪ್ಪಲಾಗದು ಎಂದು ಆದೇಶ ಹೊರಡಿಸಿತ್ತು. 2020ರ ಮಾರ್ಚ್‌ನಲ್ಲಿ ಇಂಥದ್ದನ್ನೇ ಕೊರೊನಾ ಔಷಧ ಎಂದು ಮಾರುತ್ತಿದ್ದವರಿಗೆ ಎಚ್ಚರಿಕೆ ಪತ್ರವನ್ನೂ ಕಳಿಸಿತು.

ಇನ್ನೊಂದು ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಬೆಳ್ಳಿ ದ್ರಾವಣ ಕುಡಿದರೆ ಥೈರಾಯ್ಡ್ ಮಾತ್ರೆ ಮತ್ತು ಕೆಲವು ಆಂಟಿಬಯಾಟಿಕ್‌ಗಳು ದೇಹಕ್ಕೆ ಸರಿಯಾಗಿ ಹತ್ತದೆ ಹೋಗಬಹುದು. "ಮಾತ್ರೆಯ ಜೊತೆಗೆ ಇದೂ ಇರಲಿ" ಎನ್ನುವುದೂ ತೊಂದರೆಯೇ.

ಹಾಗಾದರೆ ಬೆಳ್ಳಿ ಔಷಧವೇ ಅಲ್ಲವೇ?

ಔಷಧವೇ, ಆದರೆ ಅದಕ್ಕೆ ಜಾಗ ಮತ್ತು ಅಳತೆ ಇದೆ. 1880ರ ದಶಕದಲ್ಲಿ ಜರ್ಮನಿಯ ವೈದ್ಯ ಕಾರ್ಲ್ ಕ್ರೆಡೆ, ಹುಟ್ಟಿದ ಮಗುವಿನ ಕಣ್ಣಿಗೆ ಸಿಲ್ವರ್ ನೈಟ್ರೇಟ್‌ನ ಹನಿ ಹಾಕಿ ತಾಯಿಯಿಂದ ಬರುವ ಸೋಂಕಿನಿಂದಾಗುವ ಕುರುಡುತನವನ್ನು ತಡೆಯಬಹುದು ಎಂದು ತೋರಿಸಿದರು. ಆಂಟಿಬಯಾಟಿಕ್ ಬಂದ ಮೇಲೆ ಅದು ಹಿಂದೆ ಸರಿಯಿತು. 1960ರ ದಶಕದ ಕೊನೆಯಲ್ಲಿ ಬಂದ ಸಿಲ್ವರ್ ಸಲ್ಫಾಡೈಯಜೀನ್ ಮುಲಾಮು ಸುಟ್ಟ ಗಾಯಕ್ಕೆ ಇಂದಿಗೂ ಬಳಕೆಯಲ್ಲಿದೆ. ನ್ಯಾನೊ ಬೆಳ್ಳಿ ಲೇಪಿಸಿದ ಡ್ರೆಸ್ಸಿಂಗ್ ಬಟ್ಟೆಗಳನ್ನೂ ಆಸ್ಪತ್ರೆಗಳು ಬಳಸುತ್ತವೆ.

ಇವೆಲ್ಲ ಚರ್ಮದ ಮೇಲೆ, ವೈದ್ಯರ ಕಣ್ಣೆದುರಿನಲ್ಲಿ, ಗೊತ್ತಾದ ಅಳತೆಯಲ್ಲಿ ಬಳಸುವಂಥವು. ಇವುಗಳಿಗೂ ಮಿತಿ ಇದೆ. ಸುಟ್ಟ ಗಾಯದ ಬ್ಯಾಂಡೇಜುಗಳ ಬಗ್ಗೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟುಹಾಕಿ ನೋಡಿದ ಕೊಕ್ರೇನ್ ಸಂಸ್ಥೆಯ 2013ರ ವರದಿ, ಬೆಳ್ಳಿ ಮುಲಾಮಿಗಿಂತ ಬೇರೆ ಕೆಲವು ಬ್ಯಾಂಡೇಜುಗಳಲ್ಲಿ ಗಾಯ ಬೇಗ ಮಾಯುತ್ತದೆ ಎಂದು ಹೇಳಿತು. ಬೆಳ್ಳಿಗೂ ಬಗ್ಗದ ಬ್ಯಾಕ್ಟೀರಿಯಾ ಇವೆ. ಅಮೆರಿಕದ ಬೋಸ್ಟನ್ ನಗರದ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಅಂಥದ್ದೊಂದು ಕಾಣಿಸಿಕೊಂಡಿದ್ದು 1975ರಲ್ಲೇ ವರದಿಯಾಗಿದೆ. ಅಳತೆಯಿಲ್ಲದೆ ಬಳಸಿದರೆ ನಾಳೆ ನಿಜಕ್ಕೂ ಬೇಕಾದಾಗ ಬೆಳ್ಳಿಯೂ ಕೈಕೊಡಬಹುದು.

ನಿಜವಾದ ನಷ್ಟ: ಕಳೆದುಹೋಗುವ ದಿನಗಳು

ಚರ್ಮ ನೀಲಿಯಾಗುವುದು ಅಪರೂಪ. ಅದಕ್ಕಿಂತ ಹತ್ತಿರದ ಅಪಾಯ ಆಸ್ಪತ್ರೆಗೆ ಹೋಗುವುದು ತಡವಾಗುವುದು.

ಸಕ್ಕರೆ ಕಾಯಿಲೆ ಇರುವವರ ಕಾಲಿಗೆ ಚಪ್ಪಲಿ ಕಚ್ಚಿ ಗಾಯವಾಗುತ್ತದೆ. ಕಾಲು ಜೋಮು ಹಿಡಿದಂತಿರುವುದರಿಂದ ನೋವು ಗೊತ್ತಾಗುವುದಿಲ್ಲ. ಮನೆಯಲ್ಲಿ ಮಾಡಿದ ಕಂದು ನೀರು ಹಚ್ಚುತ್ತಾ ಎರಡು ವಾರ ಕಾಯುತ್ತಾರೆ. ಬೆಳ್ಳಿ ತಾಗಿದ ಗಾಯದ ಮೇಲ್ಭಾಗ ಕಪ್ಪಾಗುವುದರಿಂದ ಕೊಳೆಯುತ್ತಿದೆಯೋ ಮಾಯುತ್ತಿದೆಯೋ ತಿಳಿಯುವುದಿಲ್ಲ. ಅಷ್ಟರಲ್ಲಿ ಸೋಂಕು ಮೂಳೆಗೆ ಇಳಿದರೆ ಬೆರಳೋ ಪಾದವೋ ಕತ್ತರಿಸಬೇಕಾಗಿ ಬರಬಹುದು. ಕಾಡಂಚಿನ ಹಾಡಿಯಿಂದ ಎಚ್.ಡಿ. ಕೋಟೆಗೆ, ಅಲ್ಲಿಂದ ಮೈಸೂರಿಗೆ ಹೋಗಬೇಕಾದವರಿಗೆ ಒಂದೊಂದು ದಿನವೂ ಮುಖ್ಯ.

ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಎಷ್ಟೇ ಸಣ್ಣದಿದ್ದರೂ ಕೂಡಲೇ ವೈದ್ಯರಿಗೆ ತೋರಿಸಿ. ಸುತ್ತ ಕೆಂಪಾಗಿ ಊತ ಬಂದರೆ, ಕೀವು ಅಥವಾ ವಾಸನೆ ಬಂದರೆ, ಜ್ವರ ಬಂದರೆ ಅವತ್ತೇ ಹೋಗಿ.

ಬ್ಯಾರನ್‌ನ ಬಿಸಿ ಕೊಳವೆ ತಗುಲಿಯೋ, ಒಲೆಯ ಮುಂದೆಯೋ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್, ಟೂತ್‌ಪೇಸ್ಟ್, ಎಲೆ ರಸ, ಬೆಳ್ಳಿ ನೀರು ಯಾವುದೂ ಬೇಡ. ಶುಭ್ರವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ. ದೊಡ್ಡ ಗಾಯವಾದರೆ 108ಕ್ಕೆ ಕರೆ ಮಾಡಿ.

ಮನೆಯಲ್ಲಿ ಸಿಲ್ವರ್ ನೈಟ್ರೇಟ್ ತಂದಿಡುವುದೂ ಬೇಡ. ಅದು ಚರ್ಮ ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ಇದರರ್ಥ ನಮ್ಮ ಸೊಪ್ಪಿನ ಔಷಧಿಗಳೆಲ್ಲ ದಂಡ ಎಂದೇ?

ಖಂಡಿತ ಅಲ್ಲ. ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಬಳಕೆಯಲ್ಲಿರುವ, ಹೊರಗೆ ಅಷ್ಟಾಗಿ ಗೊತ್ತಿರದ ಗಿಡಮೂಲಿಕೆಗಳ ಬಗ್ಗೆ 2001ರಲ್ಲೇ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಅಧ್ಯಯನ ಪ್ರಕಟವಾಗಿದೆ. ಜೇನುಕುರುಬರು, ಕಾಡುಕುರುಬರು, ಯರವರು ತಲೆಮಾರುಗಳಿಂದ ಉಳಿಸಿಕೊಂಡಿರುವ ತಿಳಿವಳಿಕೆಯಿಂದ ಸಂಶೋಧಕರು ಕಲಿಯುವುದು ಬಹಳ ಇದೆ.

ಆದರೆ ಗಮನಿಸಿ, ಆ ತಿಳಿವಳಿಕೆಯಲ್ಲಿ ಸಿಲ್ವರ್ ನೈಟ್ರೇಟ್ ಎಲ್ಲೂ ಇಲ್ಲ. ಅಜ್ಜಿ ಹೇಳಿಕೊಟ್ಟ ತುಳಸಿ ಕಷಾಯಕ್ಕೆ ಅಂಗಡಿಯ ರಾಸಾಯನಿಕ ಬೆರೆಸಿದ ಮೇಲೆ ಅದು ಅಜ್ಜಿಯ ಔಷಧಿ ಆಗಿ ಉಳಿಯುವುದಿಲ್ಲ. ಹಳೆಯ ನಂಬಿಕೆಯ ಹೆಸರು ಹೇಳಿ ಹೊಸ ವಸ್ತು ಮಾರುವವರ ಬಗ್ಗೆ ಎಚ್ಚರ ಇರಲಿ.

ಕೆಲವರು ಕೇಳುವ ಪ್ರಶ್ನೆಗಳು

ಬೆಳ್ಳಿ ಲೋಟದಲ್ಲಿ ಮಗುವಿಗೆ ಹಾಲು ಕೊಡಬಹುದೇ? ಕೊಡಬಹುದು. ಗಟ್ಟಿ ಬೆಳ್ಳಿಯಿಂದ ಹಾಲಿಗೆ ಇಳಿಯುವ ಅಂಶ ತೀರಾ ಕಡಿಮೆ. ಲೋಟ ಶುದ್ಧ ಬೆಳ್ಳಿಯದಾಗಿರಲಿ, ಚೆನ್ನಾಗಿ ತೊಳೆದಿರಲಿ. ಅದರಿಂದ ಕಾಯಿಲೆ ವಾಸಿಯಾಗುತ್ತದೆ ಎಂದುಕೊಳ್ಳಬೇಡಿ.

ಸಿಹಿತಿಂಡಿಯ ಮೇಲಿನ ಬೆಳ್ಳಿ ಹಾಳೆ? ಅದಕ್ಕೆ ಶುದ್ಧತೆ ಎಷ್ಟಿರಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ. ಯಾವಾಗಲೋ ಒಮ್ಮೆ ತಿನ್ನುವುದಕ್ಕೂ ದಿನಾ ದ್ರಾವಣ ಕುಡಿಯುವುದಕ್ಕೂ ಹೋಲಿಕೆ ಇಲ್ಲ.

ಆಯುರ್ವೇದದ ರಜತ ಭಸ್ಮ? ಅದರ ತಯಾರಿಯೇ ಬೇರೆ. ನೋಂದಾಯಿತ ಆಯುರ್ವೇದ ವೈದ್ಯರು ಬರೆದುಕೊಡದೆ ಅದನ್ನು ತೆಗೆದುಕೊಳ್ಳಬೇಡಿ. ಮನೆಯಲ್ಲಿ ಮಾಡಿದ ಕಂದು ನೀರು ರಜತ ಭಸ್ಮ ಅಲ್ಲ.

ಬಾಟಲಿಯ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಲ್ಲ? ಅದು ಆಹಾರ ಪದಾರ್ಥ ಮಾರಲು ಕೊಡುವ ನಂಬರ್. ಕಾಯಿಲೆ ವಾಸಿ ಮಾಡುತ್ತದೆ ಎಂಬುದಕ್ಕೆ ಅದು ಸಾಕ್ಷಿ ಅಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ.

ಮುಂದಿನ ಸಲ ಫಾರ್ವರ್ಡ್ ಬಂದಾಗ ಕೇಳಬೇಕಾದ ನಾಲ್ಕು ಪ್ರಶ್ನೆ

ಒಂದು, ಪರೀಕ್ಷೆ ಯಾರ ಮೇಲೆ ನಡೆಯಿತು? ತಟ್ಟೆಯ ಮೇಲೋ, ಇಲಿಯ ಮೇಲೋ, ಮನುಷ್ಯರ ಮೇಲೋ?

ಎರಡು, ಎಷ್ಟು ಪ್ರಮಾಣ? ಅಳತೆ ಹೇಳದ ಔಷಧ ಔಷಧವೇ ಅಲ್ಲ.

ಮೂರು, ಸಿಟಿಆರ್‌ಐನಲ್ಲಿ ಇದೆಯೇ? ಹುಣಸೂರಿನವರಿಗೆ ಸಿಟಿಆರ್‌ಐ ಅಂದರೆ ತಂಬಾಕು ಸಂಶೋಧನಾ ಕೇಂದ್ರ. ಇದು ಬೇರೆ ಸಿಟಿಆರ್‌ಐ: ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾ. ಮನುಷ್ಯರ ಮೇಲೆ ನಡೆಯುವ ಔಷಧ ಪರೀಕ್ಷೆಗಳನ್ನು 2009ರಿಂದ ಇಲ್ಲಿ ಕಡ್ಡಾಯವಾಗಿ ನೋಂದಾಯಿಸಬೇಕು. ಮೊಬೈಲ್‌ನಲ್ಲೇ ಯಾರು ಬೇಕಾದರೂ ಹುಡುಕಿ ನೋಡಬಹುದು. ನೋಂದಣಿ ಇದ್ದರೆ ಪರೀಕ್ಷೆ ನಡೆಯುತ್ತಿದೆ ಎಂದಷ್ಟೇ ಅರ್ಥ, ಔಷಧ ಗೆದ್ದಿದೆ ಎಂದಲ್ಲ.

ನಾಲ್ಕು, ಆಸ್ಪತ್ರೆ ಬಿಡಿ, ಮಾತ್ರೆ ನಿಲ್ಲಿಸಿ ಎಂದು ಹೇಳುತ್ತಿದೆಯೇ? ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಮುಂದಕ್ಕೆ ಕಳಿಸಬೇಡಿ.

ಗ್ರೂಪಿಗೆ ಕಳಿಸಲು ಇಷ್ಟು ಸಾಕು:

ಎಲೆ ರಸದಿಂದ ಬೆಳ್ಳಿ ನ್ಯಾನೊ ಕಣ ಮಾಡಬಹುದು, ನಿಜ. ಅದು ಲ್ಯಾಬ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ನಿಜ. ಕುಡಿದರೆ ಕಾಯಿಲೆ ವಾಸಿಯಾಗುತ್ತದೆ, ಪುರಾವೆ ಇಲ್ಲ. ಆ ದ್ರಾವಣದಲ್ಲಿ ಕುಡಿಯುವ ನೀರಿನ ಮಿತಿಗಿಂತ ಸುಮಾರು ಸಾವಿರ ಪಟ್ಟು ಬೆಳ್ಳಿ ಇರುತ್ತದೆ. ಮತದಾನದ ಶಾಯಿ ಉಗುರಿನ ಜೊತೆ ಹೋಗುತ್ತದೆ, ಮೈಯೊಳಗೆ ಇಳಿದ ಬೆಳ್ಳಿಯ ಬಣ್ಣ ಹೋಗುವುದಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯವನ್ನು ಇವತ್ತೇ ವೈದ್ಯರಿಗೆ ತೋರಿಸಿ.